ವರ್ಜೀನಿಯಾ ಮತಪತ್ರದ ನಾಲ್ಕನೆಯ ಸಾಲು

2025ರ ನವೆಂಬರ್ 4ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಮತದಾರರು ಡೆಮಾಕ್ರಟಿಕ್ ಪಕ್ಷದ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಅವರನ್ನು ಗವರ್ನರ್ ಆಗಿ ಆರಿಸಿದರು. ಆ ರಾಜ್ಯದ ಇತಿಹಾಸದಲ್ಲಿ ಮಹಿಳೆಯೊಬ್ಬರು ಆ ಪೀಠ ಏರಿದ್ದು ಅದೇ ಮೊದಲು. ಎದುರಾಳಿ ರಿಪಬ್ಲಿಕನ್ ಪಕ್ಷದ ವಿನ್ಸಮ್ ಅರ್ಲ್-ಸಿಯರ್ಸ್ ಅವರೂ ಮಹಿಳೆಯೇ ಆಗಿದ್ದರಿಂದ, ಇಬ್ಬರಲ್ಲಿ ಯಾರೇ ಗೆದ್ದಿದ್ದರೂ ಆ ದಾಖಲೆ ಆಗುತ್ತಿತ್ತು. ಇಂಥ ಸುದ್ದಿ ಕನ್ನಡಕ್ಕೆ ಬರುವಾಗ 'ಗವರ್ನರ್' ಎಂಬುದು ಸಾಮಾನ್ಯವಾಗಿ 'ರಾಜ್ಯಪಾಲ' ಆಗಿಬಿಡುತ್ತದೆ, ಮತ್ತು ಓದುಗರ ಕಣ್ಣಮುಂದೆ ರಾಜಭವನದ ಹುಲ್ಲುಹಾಸು, ಪ್ರಮಾಣವಚನ ಬೋಧಿಸುವ ಹಿರಿಯರು, ಕೇಂದ್ರದಿಂದ ನೇಮಕಗೊಂಡು ಬರುವ ಹುದ್ದೆ ಇವೆಲ್ಲ ಮೂಡುತ್ತವೆ. ಅಲ್ಲಿನ ಗವರ್ನರ್‌ಗೂ ನಮ್ಮ ರಾಜ್ಯಪಾಲರಿಗೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ. ಹಾಗೆಂದು 'ಮುಖ್ಯಮಂತ್ರಿ' ಎಂದು ಕರೆದರೂ ಪೂರ್ತಿ ಸರಿಹೋಗುವುದಿಲ್ಲ. ಮುಖ್ಯಮಂತ್ರಿ ಶಾಸಕಾಂಗ ಪಕ್ಷದ ನಾಯಕರಾಗಿ, ಸದನದ ಬಹುಮತದ ಮೇಲೆ ನಿಂತು ಆಳುತ್ತಾರೆ. ವರ್ಜೀನಿಯಾದ ಗವರ್ನರ್‌ಗೆ ಸದನದ ಸದಸ್ಯತ್ವವೇ ಇರುವುದಿಲ್ಲ, ಸದನ ಅವರ ಮೇಲೆ ಅವಿಶ್ವಾಸ ತಂದು ಇಳಿಸುವಂತೆಯೂ ಇಲ್ಲ. ಆದ್ದರಿಂದ ಈ ಲೇಖನದಲ್ಲಿ ಗವರ್ನರ್ ಅನ್ನು ಗವರ್ನರ್ ಎಂದೇ ಬರೆಯುತ್ತೇನೆ.

ಸ್ಪ್ಯಾನ್‌ಬರ್ಗರ್ ಅವರ ಗೆಲುವಿನ ಅಂತರ ದೊಡ್ಡದು. ಅವರಿಗೆ ಸುಮಾರು ಶೇ 57.6 ಮತಗಳು ಬಂದವು, ಎದುರಾಳಿಗಿಂತ ಹದಿನೈದು ಅಂಶಗಳಷ್ಟು ಮುಂದೆ. ಪತ್ರಿಕೆಗಳ ಮುಖಪುಟ, ಟಿವಿ ಚರ್ಚೆ, ರಾಷ್ಟ್ರ ರಾಜಕಾರಣದ ಭವಿಷ್ಯವಾಣಿ ಎಲ್ಲವೂ ಆ ಒಂದು ಸ್ಪರ್ಧೆಯ ಸುತ್ತಲೇ ತಿರುಗಿದವು. ನನ್ನ ತಕರಾರು ಇರುವುದು ಇಲ್ಲೇ. ವರ್ಜೀನಿಯಾದ ಆಡಳಿತದ ರಚನೆಯನ್ನು ಹತ್ತಿರದಿಂದ ನೋಡಿದರೆ, ಆ ದಿನ ಹೆಚ್ಚು ದೂರದ ಪರಿಣಾಮ ಉಳಿಸಿಹೋದ ತೀರ್ಪು ಮತಪತ್ರದ ಮೊದಲ ಸಾಲಿನಲ್ಲಿ ಇರಲಿಲ್ಲ, ನಾಲ್ಕನೆಯ ಸಾಲಿನಲ್ಲಿತ್ತು.

ಆ ಮತಪತ್ರವನ್ನೇ ಮೊದಲು ನೋಡೋಣ. ಮತಗಟ್ಟೆಗೆ ಬಂದವರು ತಮ್ಮ ಹೆಸರು, ವಿಳಾಸ ಹೇಳಿ ಗುರುತಿನ ದಾಖಲೆ ತೋರಿಸಿದರೆ ಕೈಗೆ ಸಿಗುವುದು ಗಟ್ಟಿ ಕಾಗದದ ಒಂದು ಹಾಳೆ. ಗುಂಡಿ ಒತ್ತುವ ಯಂತ್ರವಿಲ್ಲ. ಸ್ಪರ್ಶಪರದೆಯ ಮತಯಂತ್ರಗಳನ್ನು ಭದ್ರತೆಯ ಕಾರಣಕ್ಕೆ 2017ರಲ್ಲಿ ಕೈಬಿಟ್ಟ ರಾಜ್ಯವಿದು. ಹೆಸರಿನ ಪಕ್ಕದ ಪುಟ್ಟ ಅಂಡಾಕಾರವನ್ನು ಪೆನ್ನಿನಿಂದ ತುಂಬಿ, ಹಾಳೆಯನ್ನು ಸ್ಕ್ಯಾನರ್‌ನ ಬಾಯಿಗೆ ಕೊಡಬೇಕು, ಅಷ್ಟೇ. ಮತಗಟ್ಟೆಯ ಬಾಗಿಲಿನಿಂದ 40 ಅಡಿ ದೂರದವರೆಗೆ ಪ್ರಚಾರ ನಿಷೇಧ. ಆ ಗೆರೆಯಾಚೆ ಎರಡೂ ಪಕ್ಷಗಳ ಕಾರ್ಯಕರ್ತರು ಮಡಿಸುವ ಮೇಜು ಹಾಕಿಕೊಂಡು, ತಮ್ಮ ಅಭ್ಯರ್ಥಿಗಳ ಹೆಸರಿನ ಮುಂದೆ ಗುರುತು ಹಾಕಿದ ಮಾದರಿ ಮತಪತ್ರ ಹಂಚುತ್ತ ನಿಂತಿರುತ್ತಾರೆ. ನೂರು ಮೀಟರ್ ಆಚೆಗೆ ಟೇಬಲ್ ಹಾಕಿ ಮತದಾರರ ಚೀಟಿ ಬರೆದುಕೊಡುವ ನಮ್ಮೂರ ಏಜೆಂಟರನ್ನು ನೋಡಿದವರಿಗೆ ಈ ದೃಶ್ಯ ಅಪರಿಚಿತವೇನಲ್ಲ. ಹಾಳೆಯಲ್ಲಿ 2025ರಲ್ಲಿ ರಾಜ್ಯದ ಎಲ್ಲೆಡೆ ನಾಲ್ಕು ಸ್ಪರ್ಧೆಗಳಿದ್ದವು: ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್, ಹಾಗೂ ಆ ಕ್ಷೇತ್ರದ ಹೌಸ್ ಆಫ್ ಡೆಲಿಗೇಟ್ಸ್, ಅಂದರೆ ರಾಜ್ಯ ಶಾಸಕಾಂಗದ ಕೆಳಮನೆಯ ಸದಸ್ಯ. ಸ್ಥಳೀಯ ಹುದ್ದೆಗಳೇನಾದರೂ ಇದ್ದರೆ ಅವು ಅದರ ಕೆಳಗೆ.

ಮೊದಲ ಮೂರು ಹುದ್ದೆಗಳಿಗೆ ಇಡೀ ರಾಜ್ಯವೇ ಒಂದು ಕ್ಷೇತ್ರ, ಆದರೆ ಮೂರಕ್ಕೂ ಪ್ರತ್ಯೇಕ ಮತ. ಅಮೆರಿಕದ ಹಲವು ರಾಜ್ಯಗಳಲ್ಲಿ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಜೋಡಿಯಾಗಿ ಸ್ಪರ್ಧಿಸುತ್ತಾರೆ, ಒಂದೇ ಮತ ಇಬ್ಬರಿಗೂ ಸಲ್ಲುತ್ತದೆ. ವರ್ಜೀನಿಯಾದಲ್ಲಿ ಹಾಗಿಲ್ಲ. ಗವರ್ನರ್ ಒಂದು ಪಕ್ಷದವರು, ಅವರ ಉಪನಾಯಕ ಇನ್ನೊಂದು ಪಕ್ಷದವರು, ಸರ್ಕಾರದ ವಕೀಲರು ಇಬ್ಬರಿಗೂ ಆಗದವರು ಎಂಬ ಸ್ಥಿತಿಗೆ ಸಂವಿಧಾನವೇ ದಾರಿ ಬಿಟ್ಟಿದೆ. ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನು ಸರ್ಕಾರ ನೇಮಿಸುತ್ತದೆ, ಸರ್ಕಾರ ಬದಲಾದರೆ ಅವರೂ ಬದಲಾಗುತ್ತಾರೆ. ಅಲ್ಲಿ ಅಟಾರ್ನಿ ಜನರಲ್ ನೇರವಾಗಿ ಜನರಿಂದ ಬಂದವರಾದ್ದರಿಂದ, ಅವರನ್ನು ಗವರ್ನರ್ ತೆಗೆಯುವಂತಿಲ್ಲ.

ಮತದಾರರು ಈ ಮೂರು ಸಾಲುಗಳನ್ನು ನಿಜಕ್ಕೂ ಬೇರೆಬೇರೆಯಾಗಿ ಓದುತ್ತಾರೆಯೇ ಎಂಬ ಪ್ರಶ್ನೆಗೆ 2025 ಒಂದು ಒಳ್ಳೆಯ ಪರೀಕ್ಷೆ ಒಡ್ಡಿತು. ಡೆಮಾಕ್ರಟಿಕ್ ಪಕ್ಷದ ಅಟಾರ್ನಿ ಜನರಲ್ ಅಭ್ಯರ್ಥಿ ಜೇ ಜೋನ್ಸ್ ಅವರು 2022ರಲ್ಲಿ ಕಳುಹಿಸಿದ್ದ ಮೊಬೈಲ್ ಸಂದೇಶಗಳು ಅಕ್ಟೋಬರ್ ಆರಂಭದಲ್ಲಿ ಬಯಲಾದವು. ಆಗಿನ ಸ್ಪೀಕರ್, ರಿಪಬ್ಲಿಕನ್ ಪಕ್ಷದ ಟಾಡ್ ಗಿಲ್ಬರ್ಟ್ ಅವರಿಗೆ ಗುಂಡು ಹೊಡೆಯುವ ಕಲ್ಪನೆ ಆ ಸಂದೇಶಗಳಲ್ಲಿತ್ತು. ಜೋನ್ಸ್ ಕ್ಷಮೆ ಕೇಳಿದರು, ಕಣದಿಂದ ಹಿಂದೆ ಸರಿಯಲಿಲ್ಲ. ಅಷ್ಟರಲ್ಲಿ ಮತದಾನ ಶುರುವಾಗಿಯೂ ಆಗಿತ್ತು. ವರ್ಜೀನಿಯಾದಲ್ಲಿ ಮತದಾನದ ದಿನಕ್ಕೆ 45 ದಿನ ಮೊದಲೇ ಮತ ಹಾಕಬಹುದು, ಆ ಸಲ ಸೆಪ್ಟೆಂಬರ್ 19ರಿಂದಲೇ ಜನ ಮತ ಹಾಕುತ್ತಿದ್ದರು. ಕೊನೆಗೆ ಜೋನ್ಸ್ ಗೆದ್ದರು, ಆದರೆ ಶೇ 53ರ ಆಸುಪಾಸಿನಲ್ಲಿ. ಪಕ್ಷದ ನಾಯಕಿಗೆ ಮತ ಕೊಟ್ಟವರಲ್ಲಿ ಒಂದು ಸಣ್ಣ ಪಾಲು ಮೂರನೆಯ ಸಾಲಿನಲ್ಲಿ ಎದುರು ಪಕ್ಷದ ಜೇಸನ್ ಮಿಯಾರೆಸ್ ಅವರ ಅಂಡಾಕಾರ ತುಂಬಿತ್ತು ಎಂದೇ ಇದರ ಅರ್ಥ. ಸಣ್ಣ ಪಾಲು ಎಂಬುದನ್ನೂ ಗಮನಿಸಬೇಕು. ಅಂಥ ವಿವಾದದ ನಡುವೆಯೂ ಬಹುಪಾಲು ಮತದಾರರು ಪಕ್ಷ ಬಿಟ್ಟು ಕದಲಲಿಲ್ಲ. ವ್ಯಕ್ತಿ ನೋಡಿ ಮತ ಹಾಕುವ ಅಮೆರಿಕದ ಹಳೆಯ ಹೆಮ್ಮೆ ಎಷ್ಟು ತೆಳುವಾಗಿದೆ ಎಂಬುದಕ್ಕೆ ಈ ಅಂಕಿ ಸಾಕು.

ಎರಡನೆಯ ಸಾಲಿನಲ್ಲಿ ಗೆದ್ದವರು ಗಜಾಲಾ ಹಾಶ್ಮಿ. 1964ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋದ, ಬಹುಕಾಲ ಕಾಲೇಜಿನಲ್ಲಿ ಪಾಠ ಹೇಳಿದ ಇವರು 2019ರಲ್ಲಿ ರಾಜ್ಯ ಸೆನೆಟ್‌ಗೆ ಬಂದವರು. ಅಮೆರಿಕದ ಯಾವುದೇ ರಾಜ್ಯದಲ್ಲಿ ರಾಜ್ಯಮಟ್ಟದ ಹುದ್ದೆಗೆ ಚುನಾಯಿತರಾದ ಮೊದಲ ಮುಸ್ಲಿಂ ಮಹಿಳೆ ಎಂಬ ಕಾರಣಕ್ಕೆ ಭಾರತದ ಪತ್ರಿಕೆಗಳಲ್ಲಿ ಅವರಿಗೆ ಸಾಕಷ್ಟು ಜಾಗ ಸಿಕ್ಕಿತು. ಹುದ್ದೆಯ ಬಗ್ಗೆ ಅಷ್ಟು ಜಾಗ ಸಿಗಲಿಲ್ಲ. ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಕೇಂದ್ರದ ಕೈಯಾಗಿ ಚುನಾಯಿತ ಸರ್ಕಾರದ ಜತೆ ಜಗ್ಗಾಡುವುದನ್ನು ಕಂಡ ನಮಗೆ ಆ ಹೆಸರು ದಾರಿ ತಪ್ಪಿಸುತ್ತದೆ. ವರ್ಜೀನಿಯಾದ ಲೆಫ್ಟಿನೆಂಟ್ ಗವರ್ನರ್ ನಮ್ಮ ವಿಧಾನ ಪರಿಷತ್ತಿನ ಸಭಾಪತಿಗೆ ಹತ್ತಿರದವರು. 40 ಸದಸ್ಯರ ಸೆನೆಟ್‌ನ ಕಲಾಪ ನಡೆಸುವುದು, ಮತಗಳು ಸಮಸಮವಾದಾಗ ತಮ್ಮ ಮತ ಹಾಕುವುದು, ಗವರ್ನರ್ ಹುದ್ದೆ ತೆರವಾದರೆ ಅಲ್ಲಿಗೆ ಏರುವುದು, ಕೆಲಸ ಬಹುತೇಕ ಇಷ್ಟೇ. ಆದರೆ ಸೆನೆಟ್‌ನಲ್ಲಿ ಡೆಮಾಕ್ರಟರಿಗೆ 21, ರಿಪಬ್ಲಿಕನ್ನರಿಗೆ 19 ಸ್ಥಾನ ಇರುವಾಗ, ಒಬ್ಬ ಸದಸ್ಯ ಅತ್ತಿತ್ತ ಆದರೂ ಆ ಒಂದು ಮತ ಇಡೀ ಮಸೂದೆಯ ಹಣೆಬರಹ ಬರೆಯುತ್ತದೆ.

ಇನ್ನು ಗವರ್ನರ್ ಹುದ್ದೆಯ ಒಂದು ವಿಚಿತ್ರ ನಿಯಮವನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ನಾಲ್ಕನೆಯ ಸಾಲಿನ ತೂಕ ನಿಂತಿರುವುದೇ ಅದರ ಮೇಲೆ. ವರ್ಜೀನಿಯಾದ ಗವರ್ನರ್ ಸತತ ಎರಡನೆಯ ಅವಧಿಗೆ ಸ್ಪರ್ಧಿಸುವಂತಿಲ್ಲ. ಐವತ್ತು ರಾಜ್ಯಗಳಲ್ಲಿ ಈ ನಿಷೇಧ ಉಳಿದಿರುವುದು ಇದೊಂದರಲ್ಲೇ. ಇದರ ಬೇರು ಹಳೆಯದು. ಬ್ರಿಟಿಷ್ ದೊರೆ ಕಳುಹಿಸುತ್ತಿದ್ದ ಗವರ್ನರುಗಳನ್ನು ಕಂಡು ಬೇಸತ್ತಿದ್ದ ಜನ 1776ರಲ್ಲಿ ತಮ್ಮ ಮೊದಲ ಸಂವಿಧಾನ ಬರೆದಾಗ, ಗವರ್ನರ್ ಅನ್ನು ಶಾಸಕಾಂಗವೇ ವರ್ಷಕ್ಕೊಮ್ಮೆ ಆರಿಸಬೇಕು, ಸತತ ಮೂರು ವರ್ಷಕ್ಕಿಂತ ಹೆಚ್ಚು ಇರಕೂಡದು ಎಂದು ಕಟ್ಟಿಹಾಕಿದರು. ಪ್ಯಾಟ್ರಿಕ್ ಹೆನ್ರಿ, ಥಾಮಸ್ ಜೆಫರ್‌ಸನ್ ಅವರಂಥ ದೊಡ್ಡವರೂ ಆ ದುರ್ಬಲ ಕುರ್ಚಿಯಲ್ಲೇ ಕುಳಿತೆದ್ದರು. ಗವರ್ನರ್ ಅನ್ನು ಜನ ನೇರವಾಗಿ ಆರಿಸುವ ಪದ್ಧತಿ ಬಂದದ್ದು 1851ರ ಸಂವಿಧಾನದಿಂದ. ನಾಲ್ಕು ವರ್ಷದ ಅವಧಿ ಸಿಕ್ಕಿತು, ಜತೆಗೇ ಬೆನ್ನುಬೆನ್ನಿಗೆ ಎರಡನೆಯ ಅವಧಿ ಇಲ್ಲ ಎಂಬ ಷರತ್ತೂ ಬಂತು. ನಡುವೆ ಬಿಡುವು ಕೊಟ್ಟು ಮತ್ತೆ ಬರಬಹುದು. ಮಿಲ್ಸ್ ಗಾಡ್ವಿನ್ ಅವರು 1965ರಲ್ಲಿ ಡೆಮಾಕ್ರಟ್ ಆಗಿ ಗೆದ್ದು, 1973ರಲ್ಲಿ ರಿಪಬ್ಲಿಕನ್ ಆಗಿ ಗೆದ್ದು ಎರಡು ಸಲ ಆಳಿದರು. ಪಕ್ಷಾಂತರ ನಮ್ಮ ನೆಲದ ಬೆಳೆ ಮಾತ್ರ ಎಂದುಕೊಂಡವರಿಗೆ ಇದೊಂದು ಸಮಾಧಾನ. 2014ರಿಂದ 2018ರವರೆಗೆ ಗವರ್ನರ್ ಆಗಿದ್ದ ಟೆರ್ರಿ ಮೆಕಾಲಿಫ್ ಅವರೂ 2021ರಲ್ಲಿ ಅದೇ ಪ್ರಯತ್ನ ಮಾಡಿ ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್ ಎದುರು ಸುಮಾರು ಎರಡು ಅಂಶಗಳಿಂದ ಸೋತರು.

ಈ ನಿಯಮದ ಪರಿಣಾಮ ಕಾಗದದ ಮೇಲೆ ಕಾಣುವುದಕ್ಕಿಂತ ಆಳವಾದದ್ದು. ಗವರ್ನರ್ ಪ್ರಮಾಣ ಸ್ವೀಕರಿಸಿದ ದಿನದಿಂದಲೇ ಅವರು ಹೊರಡುವ ದಿನ ಎಲ್ಲರಿಗೂ ಗೊತ್ತು. ರಾಜ್ಯದ ಬಜೆಟ್ ಎರಡು ವರ್ಷಕ್ಕೊಮ್ಮೆ ಮಂಡನೆಯಾಗುತ್ತದೆ, ಮತ್ತು ಅದನ್ನು ಮಂಡಿಸುವುದು ಹೊರಡುವ ಗವರ್ನರ್. 2025ರ ಡಿಸೆಂಬರ್‌ನಲ್ಲಿ, ಸ್ಪ್ಯಾನ್‌ಬರ್ಗರ್ ಗೆದ್ದು ಒಂದೂವರೆ ತಿಂಗಳಾದ ಮೇಲೆ, ಮುಂದಿನ ಎರಡು ವರ್ಷದ ಆಯವ್ಯಯವನ್ನು ಶಾಸಕಾಂಗದ ಮುಂದಿಟ್ಟವರು ಯಂಗ್‌ಕಿನ್ ಅವರೇ. ಹೊಸ ಗವರ್ನರ್ ತನ್ನ ಮೊದಲ ದಿನಗಳನ್ನು ಹಿಂದಿನವರು ಹೊಲಿದ ಅಂಗಿಯಲ್ಲಿ ಕಳೆಯಬೇಕು. ಆ ಅಂಗಿಯನ್ನು ಕತ್ತರಿಸಿ ಹೊಲಿಯುವ ಅಧಿಕಾರ ಇರುವುದು ಶಾಸಕಾಂಗಕ್ಕೆ. ತಾನೇ ಪೂರ್ತಿಯಾಗಿ ರೂಪಿಸಿದ ಎರಡು ವರ್ಷದ ಬಜೆಟ್ ಒಂದನ್ನು ನಾಲ್ಕು ವರ್ಷದ ಅವಧಿಯ ಒಳಗೇ ತಂದು ನಡೆಸುವ ಅವಕಾಶ ಅಲ್ಲಿನ ಗವರ್ನರ್‌ಗೆ ಒಂದೇ ಸಲ ಒದಗುತ್ತದೆ.

ಶಾಸಕಾಂಗದ ಹೆಸರು ಜನರಲ್ ಅಸೆಂಬ್ಲಿ. 1619ರ ಜುಲೈ 30ರಂದು ಜೇಮ್ಸ್‌ಟೌನ್‌ನ ಚರ್ಚೊಂದರಲ್ಲಿ ಸೇರಿದ ಸಭೆಯಿಂದ ತನ್ನ ವಯಸ್ಸು ಎಣಿಸುವ ಸಂಸ್ಥೆ ಇದು. ನೂರು ಸದಸ್ಯರ ಹೌಸ್ ಆಫ್ ಡೆಲಿಗೇಟ್ಸ್‌ಗೆ ಎರಡು ವರ್ಷಕ್ಕೊಮ್ಮೆ, ನಲವತ್ತು ಸದಸ್ಯರ ಸೆನೆಟ್‌ಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಹೊರನೋಟಕ್ಕೆ ಬಡಕಲು ಸಂಸ್ಥೆ. ಅಧಿವೇಶನ ಸಮಸಂಖ್ಯೆಯ ವರ್ಷದಲ್ಲಿ 60 ದಿನ, ಬೆಸಸಂಖ್ಯೆಯ ವರ್ಷದಲ್ಲಿ ಸಾಮಾನ್ಯವಾಗಿ 46 ದಿನ. ಕೆಳಮನೆಯ ಸದಸ್ಯರಿಗೆ ಬಹುಕಾಲದಿಂದ ವಾರ್ಷಿಕ ಸಂಬಳ 17,640 ಡಾಲರ್. ಗವರ್ನರ್ ಸಂಬಳದ ಹತ್ತನೆಯ ಒಂದು ಭಾಗದಷ್ಟು ಅದು. ಅಮೆರಿಕದ ಲೆಕ್ಕದಲ್ಲಿ ಇದರಿಂದ ಸಂಸಾರ ನಡೆಯುವುದಿಲ್ಲ, ಹಾಗಾಗಿ ವಕೀಲರು, ವೈದ್ಯರು, ರೈತರು, ಸ್ವಂತ ವ್ಯವಹಾರದವರು ವರ್ಷದ ಉಳಿದ ದಿನಗಳಲ್ಲಿ ತಮ್ಮ ಕಸುಬು ಮಾಡಿಕೊಂಡು, ಜನವರಿಯಲ್ಲಿ ರಾಜ್ಯದ ರಾಜಧಾನಿ ರಿಚ್ಮಂಡ್‌ಗೆ ಬರುತ್ತಾರೆ. ದಿನಗೂಲಿಗೆ ರಜೆ ಹಾಕಲಾಗದವರು ಆ ಸದನದಲ್ಲಿ ಕಡಿಮೆ. ಹಾಗಿದ್ದೂ ಈ ಅರೆಕಾಲಿಕ ಸಭೆಯ ಕೈಯಲ್ಲಿರುವ ಅಧಿಕಾರ ನೋಡಿ: ರಾಜ್ಯದ ಸರ್ವೋಚ್ಚ ನ್ಯಾಯಾಲಯದಿಂದ ಹಿಡಿದು ಕೆಳಹಂತದವರೆಗೆ ನ್ಯಾಯಾಧೀಶರನ್ನು ಆರಿಸುವುದು ಇದೇ ಸಭೆ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯ ಅವಧಿ 12 ವರ್ಷ, ಅಂದರೆ ಮೂರು ಗವರ್ನರುಗಳು ಬಂದುಹೋಗುವಷ್ಟು ಕಾಲ. ಗವರ್ನರ್ ನೇಮಿಸುವ ಖಾತೆಯ ಕಾರ್ಯದರ್ಶಿಗಳಿಗೂ ಇದರ ಒಪ್ಪಿಗೆ ಬೇಕು. 2022ರಲ್ಲಿ ಯಂಗ್‌ಕಿನ್ ನೈಸರ್ಗಿಕ ಸಂಪನ್ಮೂಲ ಖಾತೆಗೆ ಹೆಸರಿಸಿದ್ದ ಆಂಡ್ರ್ಯೂ ವೀಲರ್ ಅವರನ್ನು ಸೆನೆಟ್ ತಳ್ಳಿಹಾಕಿತು.

ಗವರ್ನರ್ ಕೈಯಲ್ಲಿರುವ ದೊಡ್ಡ ಅಸ್ತ್ರ ವೀಟೊ. ಎರಡೂ ಸದನ ಎದುರು ಪಕ್ಷದ ಕೈಯಲ್ಲಿದ್ದ 2024ರಲ್ಲಿ ಯಂಗ್‌ಕಿನ್ 201 ಮಸೂದೆಗಳಿಗೆ ವೀಟೊ ಹಾಕಿದರು, ಅದು ಆ ರಾಜ್ಯದ ದಾಖಲೆ. ವೀಟೊ ಮುರಿಯಲು ಎರಡೂ ಸದನಗಳಲ್ಲಿ ಮೂರನೆಯ ಎರಡು ಬಹುಮತ ಬೇಕು, ಅದು ಯಾರ ಬಳಿಯೂ ಇರಲಿಲ್ಲ. ಹೀಗೆ ನೋಡಿದರೆ ಗವರ್ನರ್ ತಡೆಯಬಲ್ಲರು, ಆದರೆ ಕಟ್ಟುವುದು ಸದನವೇ.

ಅಂಥ ಸದನದ ಬಹುಮತ ಕೆಲವೊಮ್ಮೆ ಎಂಥ ಕೂದಲೆಳೆಯ ಮೇಲೆ ನಿಲ್ಲುತ್ತದೆ ಎಂಬುದಕ್ಕೆ 2017ರ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ವರ್ಷ 94ನೆಯ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್ ಮತ್ತು ಹಾಲಿ ಸದಸ್ಯ, ರಿಪಬ್ಲಿಕನ್ ಪಕ್ಷದ ಡೇವಿಡ್ ಯಾನ್ಸಿ ನಡುವೆ ಸ್ಪರ್ಧೆ. ಮರುಎಣಿಕೆಯಲ್ಲಿ ಸೈಮಂಡ್ಸ್‌ಗೆ 11,608, ಯಾನ್ಸಿಗೆ 11,607. ಒಂದೇ ಮತದ ಗೆಲುವು. 2004ರ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಮತದಿಂದ ಸೋಲಿಸಿದ್ದನ್ನು ಕಂಡ ಕನ್ನಡಿಗರಿಗೆ ಇದು ನಂಬಲಾಗದ ಮಾತೇನಲ್ಲ. ಆದರೆ ವರ್ಜೀನಿಯಾದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮರುದಿನ ಮೂವರು ನ್ಯಾಯಾಧೀಶರ ಪೀಠ ಒಂದು ಮತಪತ್ರವನ್ನು ಮತ್ತೆ ಕೈಗೆತ್ತಿಕೊಂಡಿತು. ಆ ಮತದಾರ ಇಬ್ಬರ ಹೆಸರಿನ ಪಕ್ಕದ ಅಂಡಾಕಾರವನ್ನೂ ತುಂಬಿ, ಸೈಮಂಡ್ಸ್ ಅವರ ಗುರುತಿನ ಮೇಲೆ ಒಂದು ಓರೆಗೆರೆ ಎಳೆದಿದ್ದರು. ಆ ಗೆರೆ ತಪ್ಪನ್ನು ಹೊಡೆದುಹಾಕಿದ ಗುರುತು ಎಂದು ಪೀಠ ತೀರ್ಮಾನಿಸಿ, ಮತವನ್ನು ಯಾನ್ಸಿ ಲೆಕ್ಕಕ್ಕೆ ಸೇರಿಸಿತು. ಇಬ್ಬರೂ 11,608. ಇಂಥ ಸಮಬಲಕ್ಕೆ ಅಲ್ಲಿನ ಕಾನೂನು ಕೊಡುವ ಪರಿಹಾರವೂ ನಮ್ಮ ಪ್ರಜಾಪ್ರಾತಿನಿಧ್ಯ ಕಾಯ್ದೆ ಕೊಡುವ ಪರಿಹಾರವೂ ಒಂದೇ, ಚೀಟಿ ಎತ್ತುವುದು. 2018ರ ಜನವರಿ 4ರಂದು ಎರಡು ಹೆಸರುಗಳನ್ನು ಕ್ಯಾಮೆರಾ ರೀಲಿನ ಹಳೆಯ ಡಬ್ಬಿಗಳಲ್ಲಿಟ್ಟು, ವಸ್ತುಸಂಗ್ರಹಾಲಯದಿಂದ ತಂದ ಕುಂಬಾರಿಕೆಯ ಬಟ್ಟಲಿನಲ್ಲಿ ಕಲಸಿ ಒಂದನ್ನು ಎತ್ತಿದರು. ಬಂದದ್ದು ಯಾನ್ಸಿ ಹೆಸರು. ಆ ಡಬ್ಬಿಯಿಂದ ರಿಪಬ್ಲಿಕನ್ ಪಕ್ಷಕ್ಕೆ 51-49ರ ಬಹುಮತ ಉಳಿಯಿತು. ಇನ್ನೊಂದು ಡಬ್ಬಿ ಕೈಗೆ ಬಂದಿದ್ದರೆ ಸದನ 50-50 ಆಗುತ್ತಿತ್ತು. ಎರಡು ವರ್ಷದ ಬಳಿಕ ಸೈಮಂಡ್ಸ್ ಅದೇ ಕ್ಷೇತ್ರದಲ್ಲಿ ಗೆದ್ದು ಬಂದರು.

ಅಲ್ಲಿಂದೀಚೆಗೆ ಕೆಳಮನೆ ತೂಗುಯ್ಯಾಲೆಯಾಗಿತ್ತು. 2019ರಲ್ಲಿ ಡೆಮಾಕ್ರಟರಿಗೆ 55, 2021ರಲ್ಲಿ ರಿಪಬ್ಲಿಕನ್ನರಿಗೆ 52, 2023ರಲ್ಲಿ ಮತ್ತೆ ಡೆಮಾಕ್ರಟರಿಗೆ 51. 2025ರಲ್ಲಿ ಅದು ಒಮ್ಮೆಗೇ 64-36 ಆಯಿತು, ಹದಿಮೂರು ಸ್ಥಾನಗಳು ಒಂದು ಪಕ್ಷದಿಂದ ಇನ್ನೊಂದಕ್ಕೆ ಬಂದವು. ಇಲ್ಲಿ ಕ್ಷೇತ್ರಗಳ ನಕ್ಷೆಯ ಪಾತ್ರವೂ ಇದೆ. 2020ರಲ್ಲಿ ಜನಮತದಿಂದ ಹುಟ್ಟಿದ ದ್ವಿಪಕ್ಷೀಯ ಆಯೋಗ ತನ್ನೊಳಗೇ ಜಗಳವಾಡಿ ಕೈಚೆಲ್ಲಿದಾಗ, ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇಬ್ಬರು ಪರಿಣತರಿಂದ ನಕ್ಷೆ ಬರೆಸಿ 2021ರ ಕೊನೆಯಲ್ಲಿ ಜಾರಿಗೆ ತಂದಿತು. ಹಾಲಿ ಸದಸ್ಯರ ಮನೆ ಎಲ್ಲಿದೆ ಎಂಬುದನ್ನು ಲೆಕ್ಕಿಸದೆ ಎಳೆದ ಆ ಗೆರೆಗಳು ನಗರದ ಹೊರವಲಯದ ಹಲವು ಕ್ಷೇತ್ರಗಳನ್ನು ನಿಜವಾದ ಅಖಾಡಗಳಾಗಿಸಿದವು. ಅಲೆ ಎದ್ದರೆ ಕೊಚ್ಚಿಹೋಗುವ ಸ್ಥಾನಗಳು ಬೇಕಾದಷ್ಟಿದ್ದವು.

ಅಲೆ ಎದ್ದದ್ದು ಏಕೆ ಎಂಬುದಕ್ಕೆ ಮುಖ್ಯ ಕಾರಣ ರಿಚ್ಮಂಡ್‌ನಲ್ಲಿಲ್ಲ, ನದಿಯಾಚೆಯ ವಾಷಿಂಗ್ಟನ್‌ನಲ್ಲಿದೆ. ಪೆಂಟಗನ್ ಇರುವುದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ, ಸಿಐಎ ಕಚೇರಿ ಲ್ಯಾಂಗ್ಲಿಯಲ್ಲಿ, ಜಗತ್ತಿನ ಅತಿದೊಡ್ಡ ನೌಕಾನೆಲೆ ನಾರ್ಫಕ್‌ನಲ್ಲಿ. ಕೇಂದ್ರ ಸರ್ಕಾರದ ನೌಕರಿ ಮತ್ತು ಗುತ್ತಿಗೆಯನ್ನು ನಂಬಿದ ಲಕ್ಷಾಂತರ ಕುಟುಂಬಗಳಿರುವ ರಾಜ್ಯದಲ್ಲಿ, ಟ್ರಂಪ್ ಆಡಳಿತದ ನೌಕರಿ ಕಡಿತ ವರ್ಷವಿಡೀ ನಡೆದು, ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರದ ಕಚೇರಿಗಳೇ ಸ್ಥಗಿತಗೊಂಡಿದ್ದವು. ಸಂಬಳವಿಲ್ಲದ ತಿಂಗಳೊಂದು ಮುಗಿದಾಗ ಮತದಾನದ ದಿನ ಬಂತು. ಇದಲ್ಲದೆ, ಅಧ್ಯಕ್ಷೀಯ ಚುನಾವಣೆಯ ಮರುವರ್ಷವೇ ಗವರ್ನರ್ ಚುನಾವಣೆ ನಡೆಯುವುದರಿಂದ, ಶ್ವೇತಭವನದಲ್ಲಿರುವ ಪಕ್ಷಕ್ಕೆ ಇಲ್ಲಿ ಪೆಟ್ಟು ಬೀಳುವುದು ವಾಡಿಕೆ. 1977ರಿಂದ ಇದಕ್ಕೆ ಅಪವಾದವಾದದ್ದು 2013ರ ಮೆಕಾಲಿಫ್ ಗೆಲುವು ಒಂದೇ. ಹಾಗಾಗಿ 2025ರ ಫಲಿತಾಂಶದಲ್ಲಿ ಅಚ್ಚರಿ ಇದ್ದದ್ದು ಗೆಲುವಿನಲ್ಲಲ್ಲ, ಅದರ ಗಾತ್ರದಲ್ಲಿ.

ಸ್ಥಳೀಯ ವಿಷಯಗಳು ಇರಲಿಲ್ಲವೆಂದಲ್ಲ. ವಾಷಿಂಗ್ಟನ್‌ಗೆ ಹತ್ತಿರದ ಲೌಡನ್, ಫೇರ್‌ಫ್ಯಾಕ್ಸ್ ಕೌಂಟಿಗಳಲ್ಲಿ ನೆಲೆಸಿದ ಕನ್ನಡಿಗರನ್ನು ಕೇಳಿದರೆ ಎರಡು ವಿಷಯ ಹೇಳುತ್ತಾರೆ, ಕರೆಂಟ್ ಬಿಲ್ಲು ಮತ್ತು ಕಾರು ತೆರಿಗೆ. ಲೌಡನ್‌ನ ಆಶ್‌ಬರ್ನ್ ಸುತ್ತಮುತ್ತ ಜಗತ್ತಿನಲ್ಲೇ ಅತಿ ದಟ್ಟವಾಗಿ ಡೇಟಾ ಸೆಂಟರ್‌ಗಳು ಎದ್ದಿವೆ. ಕಿಟಕಿಯಿಲ್ಲದ ಆ ಭಾರೀ ಕಟ್ಟಡಗಳು ಕುಡಿಯುವ ವಿದ್ಯುತ್ತಿನ ಖರ್ಚು ಮನೆಯ ಬಿಲ್ಲಿಗೆ ಎಷ್ಟು ಬೀಳಬೇಕು ಎಂಬುದು ಪ್ರಚಾರದಲ್ಲಿ ನಿಜಕ್ಕೂ ಕಾವೇರಿದ ಪ್ರಶ್ನೆ. ಕಾರು ತೆರಿಗೆಯದು ಹಳೆಯ ಗಾಯ. ಕರ್ನಾಟಕದಲ್ಲಿ ಕಾರು ಕೊಂಡಾಗ ಒಮ್ಮೆ ಜೀವಾವಧಿ ತೆರಿಗೆ ಕಟ್ಟಿ ನಿರಾಳವಾಗುತ್ತೇವೆ. ವರ್ಜೀನಿಯಾದಲ್ಲಿ ಕಾರಿನ ಮೌಲ್ಯದ ಮೇಲೆ ಕೌಂಟಿ ವರ್ಷವರ್ಷವೂ ತೆರಿಗೆ ವಸೂಲಿ ಮಾಡುತ್ತದೆ. 1997ರಲ್ಲಿ ಜಿಮ್ ಗಿಲ್ಮೋರ್ ಇದನ್ನು ತೆಗೆದುಹಾಕುವ ಘೋಷಣೆಯ ಮೇಲೆಯೇ ಗೆದ್ದರು, ಪೂರ್ತಿ ತೆಗೆಯಲಾಗಲಿಲ್ಲ. 2025ರಲ್ಲಿ ಅರ್ಲ್-ಸಿಯರ್ಸ್ ಅದೇ ಭರವಸೆಯನ್ನು ಮತ್ತೆ ಹಿಡಿದರು. ಎಚ್-1ಬಿ ವೀಸಾದಲ್ಲಿರುವ ಎಂಜಿನಿಯರ್ ಈ ತೆರಿಗೆಯನ್ನು ಎಲ್ಲರಂತೆ ಕಟ್ಟುತ್ತಾರೆ, ಮತ ಮಾತ್ರ ಹಾಕುವಂತಿಲ್ಲ. ಪೌರತ್ವ ಸಿಕ್ಕ ಹಿರಿಯ ತಲೆಮಾರಿನವರು ಮತ್ತು ಅಲ್ಲೇ ಹುಟ್ಟಿದ ಅವರ ಮಕ್ಕಳು ಮತದಾರರಾಗಿದ್ದಾರೆ, ಅಭ್ಯರ್ಥಿಗಳೂ ಆಗುತ್ತಿದ್ದಾರೆ. ಲೌಡನ್‌ನ ಸೆನೆಟ್ ಸ್ಥಾನದಲ್ಲಿದ್ದ ಸುಹಾಸ್ ಸುಬ್ರಮಣ್ಯಂ ಅವರು ಸಂಸತ್ತಿಗೆ ಹೋದಾಗ, ತೆರವಾದ ಸ್ಥಾನಕ್ಕೆ ಕೆಳಮನೆಯಿಂದ ಕಣ್ಣನ್ ಶ್ರೀನಿವಾಸನ್ ಸ್ಪರ್ಧಿಸಿದರು, ಅವರು ಬಿಟ್ಟ ಸ್ಥಾನಕ್ಕೆ ಜೆಜೆ ಸಿಂಗ್. 2025ರ ಜನವರಿ 7ರಂದು ಒಂದೇ ದಿನ ನಡೆದ ಎರಡೂ ಉಪಚುನಾವಣೆಗಳಲ್ಲಿ ಇಬ್ಬರೂ ಗೆದ್ದರು.

ಹಣದ ವಿಷಯವನ್ನು ಹೇಳಿ ಮುಗಿಸಿಬಿಡುತ್ತೇನೆ. ವರ್ಜೀನಿಯಾದಲ್ಲಿ ರಾಜ್ಯದ ಚುನಾವಣೆಗೆ ದೇಣಿಗೆಯ ಮಿತಿ ಎಂಬುದೇ ಇಲ್ಲ. ವ್ಯಕ್ತಿಯಾಗಲಿ ಕಂಪನಿಯಾಗಲಿ ಎಷ್ಟು ಬೇಕಾದರೂ ಕೊಡಬಹುದು, ಲೆಕ್ಕ ಬಹಿರಂಗಪಡಿಸಿದರೆ ಸಾಕು. ರಾಜ್ಯದ ದೊಡ್ಡ ವಿದ್ಯುತ್ ಕಂಪನಿ ಡೊಮಿನಿಯನ್ ಎರಡೂ ಪಕ್ಷಗಳಿಗೆ ದಶಕಗಳಿಂದ ಕೊಡುತ್ತ ಬಂದಿದೆ. ಕರೆಂಟ್ ದರದ ಕಾನೂನು ಬರೆಯುವವರೂ ಅದೇ ಹಣ ಪಡೆದವರು ಎಂಬ ಟೀಕೆ ಅಲ್ಲಿ ಹಳೆಯದು. ಮುಚ್ಚಿಡುವುದಕ್ಕಿಂತ ಬಿಚ್ಚಿಡುವುದು ಮೇಲು ಎಂಬುದು ಒಪ್ಪುವ ಮಾತೇ, ಆದರೆ ಬಿಚ್ಚಿಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲ.

ನಾಲ್ಕನೆಯ ಸಾಲಿನ ನಿಜವಾದ ಬಲ ಕಂಡದ್ದು ಸಂವಿಧಾನ ತಿದ್ದುಪಡಿಯಲ್ಲಿ. ವರ್ಜೀನಿಯಾದ ಸಂವಿಧಾನ ತಿದ್ದಬೇಕಾದರೆ ಜನರಲ್ ಅಸೆಂಬ್ಲಿ ಅದನ್ನು ಒಮ್ಮೆ ಅಂಗೀಕರಿಸಬೇಕು, ಆಮೇಲೆ ಕೆಳಮನೆಗೆ ಒಂದು ಸಾರ್ವತ್ರಿಕ ಚುನಾವಣೆ ನಡೆಯಬೇಕು, ಹೊಸದಾಗಿ ಬಂದ ಸದನ ಅದೇ ಪಠ್ಯವನ್ನು ಮತ್ತೊಮ್ಮೆ ಅಂಗೀಕರಿಸಬೇಕು, ಕೊನೆಗೆ ಜನಮತಗಣನೆ. ನಡುವೆ ಚುನಾವಣೆ ಇಟ್ಟದ್ದು, ತಿದ್ದುಪಡಿಯ ಬಗ್ಗೆ ಜನ ತಮ್ಮ ಪ್ರತಿನಿಧಿಯನ್ನು ಆರಿಸುವ ಮೂಲಕವೇ ಒಮ್ಮೆ ಮಾತಾಡಲಿ ಎಂದು. ಈ ಸರಣಿಯಲ್ಲಿ ಗವರ್ನರ್‌ಗೆ ಸಹಿಯೂ ಇಲ್ಲ, ವೀಟೊವೂ ಇಲ್ಲ. ಜನಮತಗಣನೆಯ ವ್ಯವಸ್ಥೆ ಮಾಡುವ ಮಸೂದೆ ಮಾತ್ರ ಅವರ ಮೇಜಿಗೆ ಬರುತ್ತದೆ. ಗರ್ಭಪಾತದ ಹಕ್ಕು, 2006ರಲ್ಲಿ ಸಂವಿಧಾನಕ್ಕೆ ಸೇರಿದ್ದ ಸಲಿಂಗ ವಿವಾಹ ನಿಷೇಧವನ್ನು ತೆಗೆಯುವುದು, ಶಿಕ್ಷೆ ಮುಗಿಸಿ ಹೊರಬಂದವರಿಗೆ ಮತದಾನದ ಹಕ್ಕನ್ನು ತಾನಾಗಿಯೇ ಮರಳಿಸುವುದು, ಈ ಮೂರು ತಿದ್ದುಪಡಿಗಳು 2025ರ ಆರಂಭದ ಅಧಿವೇಶನದಲ್ಲಿ ಮೊದಲ ಹಂತ ದಾಟಿದ್ದವು. ನವೆಂಬರ್‌ನಲ್ಲಿ ಕೆಳಮನೆ ಕೈತಪ್ಪಿದ್ದರೆ ಮೂರೂ ಅಲ್ಲಿಗೇ ಮುಗಿಯುತ್ತಿದ್ದವು, ಸ್ಪ್ಯಾನ್‌ಬರ್ಗರ್ ಎಷ್ಟೇ ಅಂತರದಿಂದ ಗೆದ್ದಿದ್ದರೂ.

ನಾಲ್ಕನೆಯ ತಿದ್ದುಪಡಿ ಬೇರೆ ಜಾತಿಯದು. ಟೆಕ್ಸಸ್ ಮುಂತಾದ ರಾಜ್ಯಗಳು ದಶಕದ ನಡುವೆಯೇ ಸಂಸತ್ ಕ್ಷೇತ್ರಗಳನ್ನು ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಮತ್ತೆ ಕತ್ತರಿಸಲು ಹೊರಟಾಗ, ಅದಕ್ಕೆ ಉತ್ತರವಾಗಿ ತಾವೂ ರಾಜ್ಯದ 11 ಸಂಸತ್ ಕ್ಷೇತ್ರಗಳ ಗೆರೆ ಬದಲಿಸಲು ಅವಕಾಶ ಬೇಕೆಂದು ವರ್ಜೀನಿಯಾದ ಡೆಮಾಕ್ರಟರು ಅಕ್ಟೋಬರ್ ಕೊನೆಯಲ್ಲಿ ತರಾತುರಿಯಿಂದ ವಿಶೇಷ ಅಧಿವೇಶನ ಸೇರಿಸಿ ಮೊದಲ ಅಂಗೀಕಾರ ಮುಗಿಸಿದರು. ಐದು ವರ್ಷ ಹಿಂದೆ ಜನರೇ ಆಯೋಗದ ಕೈಗೆ ಕೊಟ್ಟಿದ್ದ ಅಧಿಕಾರವನ್ನು ಶಾಸಕರು ಹೀಗೆ ವಾಪಸ್ ಕೇಳುವುದು ನನಗೆ ಅಷ್ಟು ಚೆನ್ನಾಗಿ ಕಾಣಲಿಲ್ಲ. ಎದುರಿನವರು ಮೋಸದಾಟ ಆಡುತ್ತಿದ್ದಾರೆ ಎಂಬುದು ನಿಜವಿದ್ದರೂ ಅಷ್ಟೇ. ಅದಕ್ಕಿಂತ ಕುತೂಹಲದ್ದು ಇದು ಎಬ್ಬಿಸಿದ ಕಾನೂನಿನ ಪ್ರಶ್ನೆ. ಆ ಹೊತ್ತಿಗೆ ಮತದಾನ ಶುರುವಾಗಿ ಒಂದು ತಿಂಗಳು ಮೀರಿತ್ತು, ಲಕ್ಷಾಂತರ ಜನ ಮತ ಹಾಕಿ ಮನೆ ಸೇರಿದ್ದರು. ತಿದ್ದುಪಡಿಯ ಸುದ್ದಿಯೇ ಇಲ್ಲದ ದಿನ ಮತ ಹಾಕಿದವರ ಪಾಲಿಗೆ 'ನಡುವಿನ ಚುನಾವಣೆ' ನಡೆಯಿತೇ? ಚುನಾವಣೆ ಎಂದರೆ ನವೆಂಬರ್ 4 ಎಂಬ ಒಂದು ದಿನವೇ, ಅಥವಾ ಸೆಪ್ಟೆಂಬರ್ 19ರಂದು ಬಾಗಿಲು ತೆರೆದು ನವೆಂಬರ್ 4ರಂದು ಮುಚ್ಚಿದ ಇಡೀ ಅವಧಿಯೇ? ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆ ನ್ಯಾಯಾಲಯದ ನ್ಯಾಯಾಧೀಶರನ್ನು ಆರಿಸುವುದೂ ಇದೇ ಅಸೆಂಬ್ಲಿ ಎಂಬುದನ್ನು ಮತ್ತೆ ಹೇಳಬೇಕಿಲ್ಲ.

ಹೊಸ ಸದನ 2026ರ ಜನವರಿ 14ರಂದು ಸೇರಿತು, ಸೇರಿದ ಕೆಲವೇ ದಿನಗಳಲ್ಲಿ ನಾಲ್ಕೂ ತಿದ್ದುಪಡಿಗಳನ್ನು ಎರಡನೆಯ ಸಲ ಅಂಗೀಕರಿಸಿತು. ಸ್ಪ್ಯಾನ್‌ಬರ್ಗರ್ ಪ್ರಮಾಣ ಸ್ವೀಕರಿಸಿದ್ದು ಜನವರಿ 17ರಂದು. ಅಂದರೆ ಈ ಕೆಲಸ ನಡೆದಾಗ ಗವರ್ನರ್ ಕುರ್ಚಿಯಲ್ಲಿದ್ದವರು ಇನ್ನೂ ಯಂಗ್‌ಕಿನ್. ಶಿಕ್ಷೆ ಮುಗಿಸಿದವರು ಒಬ್ಬೊಬ್ಬರಾಗಿ ಅರ್ಜಿ ಹಾಕಿ, ಗವರ್ನರ್ ಒಪ್ಪಿದರೆ ಮಾತ್ರ ಮತದಾರರಾಗಬಹುದು ಎಂಬ ಕಟ್ಟುನಿಟ್ಟಿನ ಕ್ರಮಕ್ಕೆ ರಾಜ್ಯವನ್ನು ಮತ್ತೆ ತಂದಿದ್ದವರೂ ಅವರೇ. ಕೆಳಮನೆಯ ಪೀಠದಲ್ಲಿ ಸ್ಪೀಕರ್ ಆಗಿ ಕುಳಿತಿದ್ದವರು ಡಾನ್ ಸ್ಕಾಟ್. ಮಾದಕವಸ್ತು ಪ್ರಕರಣದಲ್ಲಿ ಸುಮಾರು ಏಳು ವರ್ಷ ಕೇಂದ್ರ ಸೆರೆಮನೆಯಲ್ಲಿದ್ದು, ಹೊರಬಂದ ಮೇಲೂ ವರ್ಷಗಟ್ಟಲೆ ಮತದಾರರ ಪಟ್ಟಿಯ ಹೊರಗೇ ಉಳಿದು, 2013ರಲ್ಲಿ ಆಗಿನ ರಿಪಬ್ಲಿಕನ್ ಗವರ್ನರ್ ಬಾಬ್ ಮೆಕ್‌ಡೊನೆಲ್ ಹಕ್ಕು ಮರಳಿಸಿದ ಮೇಲಷ್ಟೇ ಮತ ಹಾಕಿದವರು.